ಸೊನ್ನೆ ತೋರಿಸಿದ್ದು ಯಾವ ಉಪಕರಣ?

ಮಾನ್ಯರೇ,

ನಮ್ಮೂರಿನ ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸೋರಿದ ಬಗ್ಗೆ ನಿನ್ನೆಯ ಸಂಚಿಕೆಯಲ್ಲಿ ಬಂದ ವರದಿಯಲ್ಲಿ, ‘ಉಪಕರಣದಿಂದ ಗಾಳಿಯನ್ನು ಪರೀಕ್ಷಿಸಲಾಗಿದ್ದು, ಅಪಾಯ ಕಂಡುಬಂದಿಲ್ಲ’ ಎಂಬ ಅಧಿಕಾರಿಗಳ ಹೇಳಿಕೆ ಓದಿ ಮೈ ಉರಿಯಿತು. ಆ ಉಪಕರಣವನ್ನು ಅಂದು ರಾತ್ರಿ ನಾನು ಹತ್ತಿರದಿಂದಲೇ ನೋಡಿದ್ದೇನೆ. ಅಂಗೈಯಗಲದ ಹಳದಿ ಡಬ್ಬಿಯ ಪರದೆಯ ಮೇಲೆ ಆಮ್ಲಜನಕ ಎಂದಿನಂತೆ ಶೇ 20.9 ಎಂದಿತ್ತು, ಬೆಂಕಿ ಹಿಡಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮೂರಕ್ಕೂ ಸೊನ್ನೆ. ಮ್ಯಾನ್‌ಹೋಲ್‌ಗೆ ಇಳಿಯುವ ಮುನ್ನ ಬಳಸಬೇಕಾದ ಮಾಪಕವದು. ಕ್ಲೋರಿನ್ ಅಳೆಯುವ ಸೆನ್ಸರ್ ಅದರಲ್ಲಿ ಇರಲೇ ಇಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 10 ಪಾಲು ಕ್ಲೋರಿನ್ ಸೇರಿದರೂ ಜೀವಕ್ಕೆ ಕುತ್ತು. ಆದರೆ ಅಷ್ಟಕ್ಕೆ ಆಮ್ಲಜನಕದ ಅಂಕಿ ಕದಲುವುದಿಲ್ಲ.

ಆ ಸೊನ್ನೆಗಳನ್ನು ನಂಬಿ ನಮ್ಮನ್ನು ಮನೆಗೆ ಕಳುಹಿಸಿದರು. ಬಾಗಿಲು ತೆರೆಯುತ್ತಲೇ ಮಕ್ಕಳ ಕಣ್ಣು ಉರಿದು ನೀರು ಸುರಿಯತೊಡಗಿತು. ಉಬ್ಬಸವಿರುವ ನಮ್ಮ ಅತ್ತೆಯವರ ಕೆಮ್ಮು ನಿಲ್ಲದೆ ನಡುರಾತ್ರಿ ಆಟೊ ಹುಡುಕಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಅದಕ್ಕೂ ಮೊದಲು ಧ್ವನಿವರ್ಧಕದಲ್ಲಿ ಸಾರಿ ಜನರನ್ನು ಕೂಡಿಹಾಕಿದ್ದು ಕೆರೆಯ ಕೆಳಗಿನ ಶಾಲೆಯಲ್ಲಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಅದು ತಗ್ಗಿಗೇ ಇಳಿಯುತ್ತದೆ ಎಂಬಷ್ಟು ತಿಳಿವಳಿಕೆಯೂ ಇವರಿಗೆ ಬೇಡವೇ? ಅಮೋನಿಯಾ ದ್ರಾವಣದ ಬಾಟಲಿ ಹಿಡಿದರೆ ಸೋರುವ ಜಾಗದಲ್ಲಿ ಬಿಳಿ ಹೊಗೆ ಏಳುತ್ತದೆ ಎಂದು ಘಟಕದ ಹಳೆಯ ನೌಕರರೊಬ್ಬರು ಹೇಳುತ್ತಲೇ ಇದ್ದರು. ಅವರನ್ನು ಗೇಟಿನ ಹೊರಗೆ ತಡೆದು ನಿಲ್ಲಿಸಲಾಗಿತ್ತು.

2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಸೋರಿ ಜನ ಬೀದಿಯಲ್ಲೇ ಕುಸಿದು ಬಿದ್ದದ್ದನ್ನು ಕಂಡ ಮೇಲೂ ನಮ್ಮ ಅಧಿಕಾರಿಗಳು ಕಲಿತದ್ದೇನು? ಅಣಕು ಪ್ರದರ್ಶನಕ್ಕೆ ಶಾಮಿಯಾನ ಹಾಕಿಸಿ, ಹೊಗೆ ಬಿಡಿಸಿ, ಫೋಟೊ ತೆಗೆಸಿಕೊಂಡು ಹೋದರು. ಘಟಕದ ಸೋರಿಕೆ ಎಚ್ಚರಿಕೆ ಗಂಟೆ ಕೆಟ್ಟಿದೆ ಎಂದು ನಾವು ಕೊಟ್ಟ ಅರ್ಜಿಗೆ ಸ್ವೀಕೃತಿ ಮುದ್ರೆ ಬಿತ್ತೇ ಹೊರತು ಗಂಟೆ ದುರಸ್ತಿಯಾಗಲಿಲ್ಲ. ಬೇಸಿಗೆಯಲ್ಲಿ ನೀರು ಬಾರದಿದ್ದಾಗಲೂ ಇದೇ ಉಡಾಫೆ.

ಕ್ಲೋರಿನ್ ಅಳೆಯುವ ಮಾಪಕವನ್ನು ಕೂಡಲೇ ತರಿಸಬೇಕು, ಅದರ ಸೆನ್ಸರ್‌ನ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಆಗದಿದ್ದರೆ ಸಿಲಿಂಡರ್‌ಗಳನ್ನೇ ಊರಾಚೆ ಸಾಗಿಸಬೇಕು. ಎರಡೂ ಆಗದ ಅಧಿಕಾರಿಗಳು ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ.

– ಘಟಕದ ಹಿಂದಿನ ಬೀದಿಯ ನಿವಾಸಿ