ಫೋದರಿಂಗೇ ಸೋತ ಬ್ಯಾಂಡ್ ಅಲ್ಲ

ಮಾನ್ಯ ಸಂಪಾದಕರೇ,

ಜನಪದ ರಾಕ್ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಇಂಗ್ಲೆಂಡಿನ ಫೋದರಿಂಗೇ ಬ್ಯಾಂಡನ್ನು ವರ್ಷ ಬಾಳದ ವಿಫಲ ಪ್ರಯತ್ನ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಜಾಸ್ತಿ ದಿನ ಬಾಳಲಿಲ್ಲ, ನಿಜ. ವಿಫಲ ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ.

ಗಾಯಕಿ ಸ್ಯಾಂಡಿ ಡೆನ್ನಿ 1969ರ ಕೊನೆಗೆ ಫೇರ್‌ಪೋರ್ಟ್ ಕನ್ವೆನ್ಷನ್ ಬಿಟ್ಟಾಗ ಆ ತಂಡ ಹಳೆಯ ಜನಪದ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿಸಿ ಆಗಷ್ಟೇ ಹೆಸರು ಮಾಡಿತ್ತು. ಅಂಥ ಹೊತ್ತಿನಲ್ಲಿ ಹೊರಬಂದು, ಆಸ್ಟ್ರೇಲಿಯಾದ ಗಾಯಕ ಟ್ರೆವರ್ ಲ್ಯೂಕಸ್ ಜೊತೆ ಸೇರಿ ಐದು ಜನರ ಈ ಫೋದರಿಂಗೇ ತಂಡ ಕಟ್ಟಿದರು. ಸ್ಯಾಂಡಿ ಮೊದಲೇ ಬರೆದಿದ್ದ ಒಂದು ಹಾಡಿನ ಹೆಸರೇ ಬ್ಯಾಂಡಿಗೂ ಬಂತು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟು 1587ರಲ್ಲಿ ತಲೆ ಕಡಿದ ಕೋಟೆಯ ಹೆಸರದು. ಶಕುನ ನೋಡುವವರು ಇಡುವ ಹೆಸರಲ್ಲ ಬಿಡಿ!

1970ರಲ್ಲಿ ಬಂದ ಅವರ ಆಲ್ಬಮ್ಮಿನ ಕೊನೆಯ ಹಾಡು ‘ಬ್ಯಾಂಕ್ಸ್ ಆಫ್ ದ ನೈಲ್’. ಹಳೆಯ ಲಾವಣಿ. ಪ್ರಿಯಕರ ಯುದ್ಧಕ್ಕೆ ಹೊರಟಿದ್ದಾನೆ. ಗಂಡುವೇಷ ಹಾಕಿಕೊಂಡು ನಾನೂ ಬರ್ತೀನಿ ಅಂತ ಹುಡುಗಿ ಹಠ ಹಿಡಿದಿದ್ದಾಳೆ. ಸುಮಾರು ಎಂಟು ನಿಮಿಷದ ಹಾಡಿನಲ್ಲಿ ಡ್ರಮ್ಮಿಗೆ ಎಲ್ಲೂ ಅವಸರವಿಲ್ಲ. ಸ್ಯಾಂಡಿಯೂ ಗೋಳಾಡುವುದಿಲ್ಲ. ಸಾಲಿನ ಕೊನೆಯ ಸ್ವರವನ್ನು ಮೆಲ್ಲಗೆ ಬಳುಕಿಸಿ ಬಿಟ್ಟುಬಿಡುತ್ತಾರೆ, ಅಷ್ಟೇ. ಹುಡುಗಿಯ ಹಠ ನಡೆಯುವುದಿಲ್ಲ ಅಂತ ನಮಗೆ ಅಲ್ಲೇ ಗೊತ್ತಾಗುತ್ತದೆ.

ಎಡವಟ್ಟುಗಳೂ ಆದವು. ಸೌಂಡ್ ಸಿಸ್ಟಮ್ ಎಷ್ಟು ದೊಡ್ಡದು ತಂದರೆಂದರೆ ಅದಕ್ಕೆ ಇಂಗ್ಲೆಂಡಿನ ಪುರಾತನ ಬೃಹತ್ ಕಲ್ಲುಗಂಬಗಳ ಹೆಸರು, ‘ಸ್ಟೋನ್‌ಹೆಂಜ್’ ಅಂತಲೇ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಇವರಿಗಿಂತ ಮೊದಲು ಹಾಡಲು ಕರೆದದ್ದು ಎಲ್ಟನ್ ಜಾನ್ ಅವರನ್ನು. ಆ ಹುಡುಗ ಕುಣಿದು ಹಾಡಿ ಹೋದ ಮೇಲೆ ಇವರ ಮೆಲುದನಿ ಎಲ್ಲಿ ನಿಲ್ಲಬೇಕು?

ಆದರೂ ಬ್ಯಾಂಡ್ ಒಡೆಯಲು ಸಂಗೀತ ಕಾರಣವಲ್ಲ. ನಿರ್ಮಾಪಕ ಜೋ ಬಾಯ್ಡ್ ಅವರಿಗೆ ಸ್ಯಾಂಡಿ ಒಬ್ಬರೇ ಹಾಡಬೇಕೆಂಬ ಆಸೆ ಇತ್ತು. ಎರಡನೇ ಆಲ್ಬಮ್ಮಿನ ಕೆಲಸ ಅರ್ಧದಲ್ಲಿದ್ದಾಗಲೇ, 1971ರ ಆರಂಭದಲ್ಲಿ, ತಂಡ ಚದುರಿತು. ಸ್ಯಾಂಡಿ ಒಬ್ಬರೇ ಹಾಡಲಿ ಎಂದಿದ್ದ ಬಾಯ್ಡ್ ಅವರೇ ಅಮೆರಿಕಕ್ಕೆ ಕೆಲಸಕ್ಕೆ ಹೋದರು! ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮುಂದಿನದನ್ನು ಲೇಖನ ಹೇಳಲೇ ಇಲ್ಲ. ಲ್ಯೂಕಸ್ ಮತ್ತು ಗಿಟಾರಿನ ಜೆರ್ರಿ ಡೊನಾಹ್ಯೂ ಫೇರ್‌ಪೋರ್ಟ್ ಸೇರಿದರು. 1974ರಲ್ಲಿ ಸ್ಯಾಂಡಿಯೂ ಅಲ್ಲಿಗೇ ವಾಪಸ್ ಬಂದರು. ಎಷ್ಟೋ ವರ್ಷದ ನಂತರ ಡ್ರಮ್ಮಿನ ಜೆರ್ರಿ ಕಾನ್ವೇ ಕೂಡ. ಐವರಲ್ಲಿ ನಾಲ್ವರು! ಸೋತ ತಂಡದವರನ್ನು ಯಾರಾದರೂ ಹೀಗೆ ಸುಮ್ನೆ ಕರೆದುಕೊಳ್ಳುತ್ತಾರಾ?

ಸ್ಯಾಂಡಿ 1978ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಲ್ಯೂಕಸ್ 1989ರಲ್ಲಿ. ಉಳಿದ ಟೇಪುಗಳನ್ನು ಹುಡುಕಿ, ಕೂಡಿಸಿ, ಡೊನಾಹ್ಯೂ ಆ ಎರಡನೇ ಆಲ್ಬಮ್ ಮುಗಿಸಿದರು. 2008ರಲ್ಲಿ ಅದು ಹೊರಬಂತು. ಲೇಖನದಲ್ಲಿ ‘ಅವರದು ಒಂದೇ ಆಲ್ಬಮ್’ ಎಂದಿದೆ. ದಯವಿಟ್ಟು ಅದನ್ನಾದರೂ ತಿದ್ದಿ.

ಇತಿ,
ನಿಮ್ಮ ಹಳೆಯ ಓದುಗ