ಎಣ್ಣೆ ಬಂತು, ಸಿಟ್ಟು ಹೋಗಲಿಲ್ಲ

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯ ಬೇಡ ಅಂತ ನಾವೇ ನಿಯಮ ಮಾಡಿಕೊಂಡವರು. ಆದರೆ 2025ರ ರಾಜ್ಯೋತ್ಸವದಲ್ಲಿ ಊಟದ ಸಾಲಿನ ಉದ್ದಕ್ಕೂ ಅದೇ ಮಾತು. ಅಕ್ಟೋಬರ್ 1ರಿಂದ 43 ದಿನ ಅಮೆರಿಕದ ಫೆಡರಲ್ (ಕೇಂದ್ರ) ಸರ್ಕಾರ ಬಾಗಿಲು ಹಾಕಿಕೊಂಡು ಕೂತರೆ ಜನ ಇನ್ನೇನು ಮಾತಾಡ್ತಾರೆ? ಅದೇ ಅಕ್ಟೋಬರ್‌ನಲ್ಲಿ ದೇಶದ ಸಾಲ 38 ಟ್ರಿಲಿಯನ್ ಡಾಲರ್ ದಾಟಿತು. ಪಲ್ಯ ಬಡಿಸಿಕೊಳ್ಳುತ್ತಾ ಒಬ್ಬರು ಕೇಳಿದರು: "ಈ ಕನ್ಸರ್ವೇಟಿವ್‌ಗಳಿಗೆ (ರಿಪಬ್ಲಿಕನ್ ಪಕ್ಷದ ಬಲಪಂಥದವರಿಗೆ) ಇನ್ನೇನು ಬೇಕಂತೆ? ವೈಟ್ ಹೌಸ್ ಅವರದ್ದು, ಕಾಂಗ್ರೆಸ್ (ಇಲ್ಲಿನ ಸಂಸತ್ತು) ಅವರದ್ದು, ಸುಪ್ರೀಂ ಕೋರ್ಟೂ ಹೆಚ್ಚುಕಮ್ಮಿ ಅವರದ್ದೇ. ಆದರೂ ಯಾಕೆ ಇಷ್ಟು ಸಿಟ್ಟು?"

ಒಳ್ಳೆಯ ಪ್ರಶ್ನೆ. ಸುಮ್ನೆ ನಕ್ಕು ಮುಂದೆ ಹೋಗುವಂಥದ್ದಲ್ಲ. ನಾವಿರುವುದು ಹ್ಯೂಸ್ಟನ್‌ನಲ್ಲಿ. ನಮ್ಮಲ್ಲಿ ಅರ್ಧ ಮನೆಗಳ ಸಂಬಳ ಒಂದಲ್ಲ ಒಂದು ದಾರಿಯಲ್ಲಿ ಎಣ್ಣೆ ಕಂಪನಿಯಿಂದಲೇ ಬರುತ್ತದೆ. ಈ ಸಿಟ್ಟಿನ ಬೇರೂ ಅಲ್ಲೇ ಇದೆ.

1973ರ ಅಕ್ಟೋಬರ್‌ನಲ್ಲಿ, ಇಸ್ರೇಲ್‌ಗೆ ನೆರವು ಕೊಟ್ಟಿತು ಅಂತ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ನವೆಂಬರ್ 7ರಂದು ಅಧ್ಯಕ್ಷ ನಿಕ್ಸನ್ ಟೀವಿಗೆ ಬಂದರು. 1980ರ ಹೊತ್ತಿಗೆ ಹೊರಗಿನವರ ಹಂಗಿಲ್ಲದೆ ನಮ್ಮ ಇಂಧನ ನಾವೇ ನೋಡಿಕೊಳ್ಳುತ್ತೇವೆ ಎಂದರು. ಅದಕ್ಕೆ ಪ್ರಾಜೆಕ್ಟ್ ಇಂಡಿಪೆಂಡೆನ್ಸ್ ಅಂತ ಹೆಸರೂ ಇಟ್ಟರು. 1980 ಬಂತು, ಹೋಯಿತು. 2005ರ ಹೊತ್ತಿಗೆ ದೇಶ ಉರಿಸುವ ಎಣ್ಣೆಯಲ್ಲಿ ನೂರಕ್ಕೆ 60 ಪಾಲು ಹೊರಗಿನದ್ದು. ಮರುವರ್ಷ, ಟೆಕ್ಸಾಸಿನ ಮಿಡ್‌ಲ್ಯಾಂಡ್‌ನಲ್ಲಿ ಎಣ್ಣೆ ವ್ಯಾಪಾರ ಮಾಡಿದ್ದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರೇ ಕಾಂಗ್ರೆಸ್ ಎದುರು ನಿಂತು, ಅಮೆರಿಕಕ್ಕೆ ಎಣ್ಣೆಯ ಚಟ ಹತ್ತಿದೆ ಎಂದು ಒಪ್ಪಿಕೊಂಡರು. ನಿಕ್ಸನ್, ಬುಷ್ ಇಬ್ಬರೂ ಕನ್ಸರ್ವೇಟಿವ್‌ಗಳದೇ ರಿಪಬ್ಲಿಕನ್ ಪಕ್ಷದವರು ಅನ್ನೋದನ್ನು ನೆನಪಿಡಿ.

ಕೊನೆಗೆ ಎಣ್ಣೆ ಬಂದಿದ್ದು ವಾಷಿಂಗ್ಟನ್ನಿನಿಂದಲ್ಲ, ಟೆಕ್ಸಾಸಿನ ಕಲ್ಲಿನಿಂದ. ಜಾರ್ಜ್ ಮಿಚೆಲ್ ಹೆಸರು ನಿಮಗೆ ಗೊತ್ತಿರಬಹುದು. ನಮ್ಮಲ್ಲಿ ಎಷ್ಟೋ ಜನ ಮನೆ ಮಾಡಿಕೊಂಡಿರುವ ದಿ ವುಡ್‌ಲ್ಯಾಂಡ್ಸ್ ಊರನ್ನು ಕಟ್ಟಿಸಿದವರು ಅವರೇ. ಅವರ ಅಪ್ಪ ಗ್ರೀಸ್‌ನಲ್ಲಿ ಮೇಕೆ ಕಾಯುತ್ತಿದ್ದವರು, ವಲಸೆ ಬಂದು ಗ್ಯಾಲ್ವೆಸ್ಟನ್ ಸೇರಿದವರು. ಮಗ ಬಾರ್ನೆಟ್ ಶೇಲ್ ಎಂಬ ಗಟ್ಟಿ ಕಲ್ಲಿನ ಪದರದಿಂದ ಗ್ಯಾಸ್ ತೆಗೆಯಲು ಹತ್ತಿರ ಹತ್ತಿರ ಎರಡು ದಶಕ ದುಡ್ಡು ಸುರಿದರು. ಸ್ವಂತ ಕಂಪನಿಯ ಎಂಜಿನಿಯರ್‌ಗಳೇ ಬೇಡ ಎಂದರೂ ಬಿಡಲಿಲ್ಲ. 1990ರ ದಶಕದ ಕೊನೆಗೆ ಅದು ಕೈಗೂಡಿತು. ಅದೇ ದಾರಿಯಲ್ಲಿ ಪಶ್ಚಿಮ ಟೆಕ್ಸಾಸಿನ ಎಣ್ಣೆ ಸೀಮೆ ಪರ್ಮಿಯನ್ ಎದ್ದಿತು. 2018ರಲ್ಲಿ ಅಮೆರಿಕ ಸೌದಿ, ರಷ್ಯಾ ಎರಡನ್ನೂ ಹಿಂದೆ ಹಾಕಿ ಅತಿ ಹೆಚ್ಚು ಕಚ್ಚಾ ಎಣ್ಣೆ ತೆಗೆಯುವ ದೇಶವಾಯಿತು. 2020ರಲ್ಲಿ, ಕಚ್ಚಾ ಎಣ್ಣೆ, ಪೆಟ್ರೋಲ್, ಡೀಸೆಲ್ ಎಲ್ಲ ಸೇರಿಸಿ ನೋಡಿದರೆ, ತರಿಸಿಕೊಂಡಿದ್ದಕ್ಕಿಂತ ಕಳಿಸಿದ್ದೇ ಜಾಸ್ತಿ.

ಅಲ್ಲಿಗೆ ಕತೆ ಮುಗಿಯಬೇಕಿತ್ತು ಅಲ್ವಾ? 2022ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ, ದೇಶದ ಸರಾಸರಿ, ಮೊದಲ ಸಲ ಗ್ಯಾಲನ್‌ಗೆ 5 ಡಾಲರ್ ಮುಟ್ಟಿತು. ಯುದ್ಧ ನಡೆಯುತ್ತಿದ್ದದ್ದು ಉಕ್ರೇನ್‌ನಲ್ಲಿ. ಎಣ್ಣೆ ನಮ್ಮದು, ಬೆಲೆ ಮಾತ್ರ ಲೋಕದ್ದು. 1975ರಿಂದ ಇದ್ದ ಕಚ್ಚಾ ಎಣ್ಣೆ ರಫ್ತಿನ ನಿಷೇಧವನ್ನು 2015ರ ಡಿಸೆಂಬರ್‌ನಲ್ಲಿ ತೆಗೆದಿದ್ದರು. ಅದಕ್ಕೆ ಹಟ ಹಿಡಿದವರು ರಿಪಬ್ಲಿಕನ್ನರೇ. ಎಣ್ಣೆ ಕಂಪನಿಗಳಿಗೆ ಅದು ಸರಿಯಾದ ತೀರ್ಮಾನವೇ. ಪಂಪ್ ಮುಂದೆ ನಿಂತವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಇನ್ನೊಂದು ತೊಡಕು ಎಣ್ಣೆ ಶುದ್ಧ ಮಾಡುವ ರಿಫೈನರಿಗಳದ್ದು. ನಮ್ಮ ಶೇಲ್ ಎಣ್ಣೆ ತಿಳಿಸಾರಿನಂತೆ ತೆಳು. ಕೆನಡಾ, ವೆನಿಜುವೆಲಾ ಎಣ್ಣೆ ಜೋನಿಬೆಲ್ಲದಂತೆ ಮಂದ. ಗಲ್ಫ್ ತೀರದ ದೊಡ್ಡ ರಿಫೈನರಿಗಳಲ್ಲಿ ಹೆಚ್ಚಿನವು ಶೇಲ್ ಬರುವ ಮೊದಲೇ ಕೋಟಿಗಟ್ಟಲೆ ಡಾಲರ್ ಹಾಕಿ ಮಂದ ಎಣ್ಣೆ ಕುದಿಸಲು ಸಜ್ಜಾದಂಥವು. 1977ರಿಂದ ಈಚೆಗೆ ದೇಶದಲ್ಲಿ ದೊಡ್ಡ ಹೊಸ ರಿಫೈನರಿ ಶುರುವಾಗಿಲ್ಲ. ಹಾಗಾಗಿ ತೆಳು ಎಣ್ಣೆ ಹಡಗು ಹತ್ತಿ ಹೊರಗೆ ಹೋಗುತ್ತದೆ, ಮಂದ ಎಣ್ಣೆ ಒಳಗೆ ಬರುತ್ತದೆ. 2024ರಲ್ಲೂ ದಿನಕ್ಕೆ 60 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ ಕಚ್ಚಾ ಎಣ್ಣೆ ಹೊರಗಿನಿಂದ ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆನಡಾದ್ದು. ಆ ಕೆನಡಾ ಎಣ್ಣೆಗೆ ಅಂತ 2008ರಲ್ಲಿ ಹೊರಟ ಕೀಸ್ಟೋನ್ ಎಕ್ಸ್‌ಎಲ್ ಪೈಪ್‌ಲೈನಿಗೆ ಒಬಾಮಾ ಬೇಡ ಎಂದರು, ಟ್ರಂಪ್ ಹೂಂ ಎಂದರು, ಬೈಡನ್ ಕುರ್ಚಿಯಲ್ಲಿ ಕೂತ ದಿನವೇ ರದ್ದು ಮಾಡಿದರು. ಹದಿಮೂರು ವರ್ಷ ಎಳೆದಾಡಿ ಕೊನೆಗೆ ಏನೂ ಆಗಲಿಲ್ಲ.

ನಮ್ಮ ಬೀದಿಯಲ್ಲಿ ರಿಫೈನರಿಯಿಂದ ನಿವೃತ್ತರಾದ ಒಬ್ಬರಿದ್ದಾರೆ. ರೇಗನ್ ಕಾಲದಿಂದ ಒಂದೇ ಪಕ್ಷಕ್ಕೆ ವೋಟು. ಅವರು ಒಂದು ಸಂಜೆ ಹುಲ್ಲು ಕತ್ತರಿಸುವ ಮಷಿನ್ ನಿಲ್ಲಿಸಿ ಹೇಳಿದ್ದು ನನಗೆ ಮರೆಯುವುದಿಲ್ಲ: "ಡೆಮಾಕ್ರಟ್‌ಗಳು ನನಗೆ ಬೇಡವಾದ್ದನ್ನು ಮಾಡ್ತೀವಿ ಅಂತಾರೆ, ಮಾಡ್ತಾರೆ. ನಮ್ಮವರು ನನಗೆ ಬೇಕಾದ್ದನ್ನು ಮಾಡ್ತೀವಿ ಅಂತಾರೆ, ಅಷ್ಟೇ." ಇದು ಎದುರಾಳಿಯ ಮೇಲಿನ ಕೋಪಕ್ಕಿಂತ ಮನೆಯೊಳಗಿನ ಕೋಪ. ಸರ್ಕಾರದ ಖರ್ಚು, ತೆರಿಗೆ ವಿರೋಧಿಸಿದ ಟೀ ಪಾರ್ಟಿ ಚಳವಳಿ ಹುಟ್ಟಿದ್ದು 2009ರಲ್ಲಿ, ಒಬಾಮಾ ಮೇಲಿನ ಸಿಟ್ಟಿನಿಂದ ಅನ್ನೋದು ಸರಿಯೇ. ಆದರೆ ಅದಕ್ಕೂ ಮೊದಲು, 2008ರ ಅಕ್ಟೋಬರ್‌ನಲ್ಲಿ, ಮುಳುಗುತ್ತಿದ್ದ ಬ್ಯಾಂಕುಗಳನ್ನು ಉಳಿಸುವ 700 ಬಿಲಿಯನ್ ಡಾಲರ್‌ನ ಯೋಜನೆಗೆ ಸಹಿ ಹಾಕಿದವರು ಬುಷ್. 2023ರಲ್ಲಿ ಹೌಸ್‌ನ (ಕೆಳಮನೆಯ) ಸ್ಪೀಕರ್, ರಿಪಬ್ಲಿಕನ್ ಕೆವಿನ್ ಮೆಕಾರ್ತಿಯನ್ನು ಇಳಿಸಲು ಡೆಮಾಕ್ರಟ್‌ಗಳ ಜೊತೆ ವೋಟು ಹಾಕಿದವರೂ ಅವರದೇ ಪಕ್ಷದ ಎಂಟು ಮಂದಿ. ಇತಿಹಾಸದಲ್ಲಿ ಹಾಗೆ ಕೆಳಗಿಳಿದ ಮೊದಲ ಸ್ಪೀಕರ್ ಆತ.

ಎಣ್ಣೆಯ ತುರ್ತು ದಾಸ್ತಾನನ್ನೇ ನೋಡಿ. ನಮಗೆ ಹತ್ತಿರದ ಫ್ರೀಪೋರ್ಟ್‌ನಲ್ಲಿ ಬ್ರಯಾನ್ ಮೌಂಡ್ ಅಂತ ಇದೆ. ನೆಲದಡಿಯ ಉಪ್ಪಿನ ಗುಹೆಗಳಲ್ಲಿ ಸರ್ಕಾರ ಕಚ್ಚಾ ಎಣ್ಣೆ ತುಂಬಿಡುತ್ತದೆ. ಟೆಕ್ಸಾಸ್, ಲೂಸಿಯಾನಾಗಳಲ್ಲಿ ಇಂಥವು ನಾಲ್ಕು. (ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಭಾರತ ಮಾಡಿಟ್ಟುಕೊಂಡಿರುವುದೂ ಇದೇ.) 2022ರಲ್ಲಿ ಬೈಡನ್ 18 ಕೋಟಿ ಬ್ಯಾರೆಲ್ ಹೊರಗೆ ಬಿಟ್ಟರು. ಚುನಾವಣೆಗೋಸ್ಕರ ದೇಶದ ಉಗ್ರಾಣ ಬರಿದು ಮಾಡಿದರು ಅಂತ ಕನ್ಸರ್ವೇಟಿವ್‌ಗಳು ಈಗಲೂ ಬೈಯುತ್ತಾರೆ. ಆದರೆ 2015ರಿಂದ ಒಂದಾದ ಮೇಲೊಂದು ಕಾನೂನು ಮಾಡಿ, ಬಜೆಟ್ಟಿನ ತೂತು ಮುಚ್ಚಲು ಅದೇ ಎಣ್ಣೆ ಮಾರಿ ಅಂತ ಹೇಳಿದ್ದು ರಿಪಬ್ಲಿಕನ್ನರ ಕೈಯಲ್ಲಿದ್ದ ಕಾಂಗ್ರೆಸ್. ನೆರೆಯವರಿಗೆ ಇದನ್ನು ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು.

ಈಗ ಎಣ್ಣೆಯ ಜಾಗಕ್ಕೆ ಮ್ಯಾಗ್ನೆಟ್ ಬಂದಿದೆ. ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಕಾರಿನಲ್ಲಿ ಹೋದವರು ನೆವಾಡಾ ಗಡಿಗೆ ಸ್ವಲ್ಪ ಮೊದಲು ಮೌಂಟನ್ ಪಾಸ್ ಅನ್ನೋ ಬೋರ್ಡ್ ನೋಡಿರುತ್ತೀರಿ. ಹೆದ್ದಾರಿಯ ಪಕ್ಕದಲ್ಲೇ ಗಣಿ. 1949ರಲ್ಲಿ ಯುರೇನಿಯಂ ಹುಡುಕಲು ಹೋದವರಿಗೆ ಅಲ್ಲಿ ಸಿಕ್ಕಿದ್ದು ರೇರ್ ಅರ್ಥ್, ಗಟ್ಟಿ ಮ್ಯಾಗ್ನೆಟ್‌ಗಳಿಗೆ ಬೇಕಾದ ವಿಶೇಷ ಲೋಹಗಳ ಗುಂಪು. ಕಲರ್ ಟೀವಿಯ ಕೆಂಪು ಬಣ್ಣಕ್ಕೆ ಬೇಕಾದ ಯುರೋಪಿಯಂ ಅಲ್ಲಿಂದ ಹೋಗುತ್ತಿತ್ತು. ದಶಕಗಳ ಕಾಲ ಲೋಕಕ್ಕೆಲ್ಲ ಅದೇ ದೊಡ್ಡ ಗಣಿ. ಆಮೇಲೆ ಚೀನಾ ಅಗ್ಗದಲ್ಲಿ ಕೊಡಲು ಶುರುಮಾಡಿತು. ಇಲ್ಲಿ ಪೈಪ್ ಒಡೆದು ವಿಷದ ನೀರು ಮರುಭೂಮಿಗೆ ಹರಿಯಿತು. 2002ರಲ್ಲಿ ಗಣಿ ನಿಂತಿತು. ಮತ್ತೆ ತೆರೆದ ಮಾಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿಯಾಯಿತು. ನಂತರ ಬಂದ ಎಂಪಿ ಮೆಟೀರಿಯಲ್ಸ್ ಅದಿರು ತೆಗೆದು, ಶುದ್ಧ ಮಾಡಲು ವರ್ಷಗಟ್ಟಲೆ ಚೀನಾಕ್ಕೇ ಕಳಿಸುತ್ತಿತ್ತು.

ಗಣಿಗಿಂತ ಕಾರ್ಖಾನೆಯ ಕತೆ ಇನ್ನೂ ಕಹಿ. ಗಟ್ಟಿ ನಿಯೋಡಿಮಿಯಂ ಮ್ಯಾಗ್ನೆಟ್ ಮಾಡುವ ದಾರಿಯನ್ನು 1980ರ ದಶಕದ ಮೊದಲಲ್ಲಿ ಕಂಡುಹಿಡಿದವರಲ್ಲಿ ಜನರಲ್ ಮೋಟರ್ಸ್ ಒಂದು, ಜಪಾನಿನ ಸುಮಿಟೊಮೊ ಇನ್ನೊಂದು. ಜನರಲ್ ಮೋಟರ್ಸ್ ಇಂಡಿಯಾನಾದ ಆಂಡರ್ಸನ್‌ನಲ್ಲಿ ಮ್ಯಾಗ್ನಿಕ್ವೆಂಚ್ ಅಂತ ಘಟಕ ಹಾಕಿತು. 1995ರಲ್ಲಿ ಚೀನಾದ ಕಂಪನಿಗಳೂ ಸೇರಿದ್ದ ಗುಂಪೊಂದಕ್ಕೆ ಅದನ್ನು ಮಾರಿತು. ಕ್ಲಿಂಟನ್ ಸರ್ಕಾರ ಒಪ್ಪಿತು. 2000ರ ದಶಕದ ಮೊದಲ ವರ್ಷಗಳಲ್ಲಿ, ಬುಷ್ ಕಾಲದಲ್ಲಿ, ಇಂಡಿಯಾನಾದ ಕೆಲಸವೆಲ್ಲ ಚೀನಾಕ್ಕೆ ಹೋಯಿತು. ಬಾಂಬುಗಳಿಗೆ ಗುರಿ ತೋರಿಸುವ ಭಾಗಗಳಿಗೂ ಆ ಮ್ಯಾಗ್ನೆಟ್ ಬೇಕಿತ್ತು. ಯಾವ ಪಕ್ಷದವರೂ ತಡೆಯಲಿಲ್ಲ. 2022ರಲ್ಲಿ ಎಫ್-35 ಯುದ್ಧವಿಮಾನದ ಒಂದು ಪಂಪಿನೊಳಗೆ ಚೀನಾದ ಲೋಹದ ಮ್ಯಾಗ್ನೆಟ್ ಸಿಕ್ಕಿ, ಪೆಂಟಗನ್ (ರಕ್ಷಣಾ ಇಲಾಖೆ) ಕೆಲಕಾಲ ಹೊಸ ವಿಮಾನ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ಥ್‌ಗಳ ರಫ್ತಿಗೆ ಲೈಸೆನ್ಸ್ ಬೇಕು ಎಂದಿತು. ಮೇ ತಿಂಗಳಲ್ಲಿ ಫೋರ್ಡ್‌ನ ಶಿಕಾಗೋ ಕಾರ್ಖಾನೆ ಒಂದು ವಾರ ಮುಚ್ಚಿತು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕನ್ಸರ್ವೇಟಿವ್‌ಗಳ ದೂರು ಬಹುಪಾಲು ನಿಜ. ಅವರು ಹೇಳುವ ಮದ್ದು ಅರ್ಧ ಸರಿ. "ಅಗೆಯಿರಿ, ಅಗೆಯಿರಿ" ಅನ್ನೋ ಘೋಷಣೆಗೆ ಚಪ್ಪಾಳೆ ಸುಲಭ. ಅನುಮತಿಗೆ ಹಿಡಿಯುವ ಕಾಲ ಅತಿಯಾಯಿತು ಅನ್ನೋದೂ ಒಪ್ಪುವ ಮಾತೇ: ಅರಿಜೋನಾದ ರೆಸಲ್ಯೂಷನ್ ತಾಮ್ರ 1995ರಲ್ಲಿ ಸಿಕ್ಕಿದ್ದು, ಇನ್ನೂ ಭೂಮಿಯಲ್ಲೇ ಇದೆ. (ಅಲ್ಲಿನ ಮೂಲನಿವಾಸಿ ಅಪಾಚೆ ಜನರಿಗೆ ಆ ಜಾಗ ಪವಿತ್ರ, ಅವರ ವಾದಕ್ಕೂ ತೂಕವಿದೆ.) ಆದರೆ ಅಮೆರಿಕ ಕಳೆದುಕೊಂಡದ್ದು ಕಲ್ಲನ್ನಲ್ಲ. ಕಲ್ಲನ್ನು ಲೋಹ ಮಾಡುವ, ಲೋಹವನ್ನು ಮ್ಯಾಗ್ನೆಟ್ ಮಾಡುವ ಕೊಳಕು, ಲಾಭ ಕಮ್ಮಿಯ, ನಡುವಿನ ಕೆಲಸವನ್ನು. ಅದು ಹೋಗಿದ್ದು ಯಾರೋ ಕದ್ದು ಅಲ್ಲ. ಅಗ್ಗದ ಕಡೆ ಹೋಗುವುದೇ ಸರಿ ಅಂತ 30 ವರ್ಷ ಎರಡೂ ಪಕ್ಷ ಹೇಳಿತು, ರಿಪಬ್ಲಿಕನ್ನರು ಸ್ವಲ್ಪ ಜೋರಾಗಿಯೇ ಹೇಳಿದರು.

ಆ ಪಾಠ ಈಗ ತಲೆಕೆಳಗಾಗಿದೆ. 2025ರ ಜುಲೈನಲ್ಲಿ ರಕ್ಷಣಾ ಇಲಾಖೆ 400 ಮಿಲಿಯನ್ ಡಾಲರ್ ಹಾಕಿ ಎಂಪಿ ಮೆಟೀರಿಯಲ್ಸ್‌ನಲ್ಲಿ ಪಾಲುದಾರನಾಯಿತು. ಮ್ಯಾಗ್ನೆಟ್‌ಗೆ ಬೇಕಾದ ರೇರ್ ಅರ್ಥ್ ನಿಯೋಡಿಮಿಯಂ-ಪ್ರಸಿಯೋಡಿಮಿಯಂಗೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಖಾತ್ರಿಯನ್ನೂ ಕೊಟ್ಟಿತು. ನಮ್ಮೂರ ರೈತರು ಕೇಳುವ ಬೆಂಬಲ ಬೆಲೆಯೇ! ಆಗಸ್ಟ್‌ನಲ್ಲಿ ಚಿಪ್ ಕಂಪನಿ ಇಂಟೆಲ್‌ನ ಸುಮಾರು ನೂರಕ್ಕೆ 10 ಪಾಲು ಸರ್ಕಾರದ್ದಾಯಿತು. ರಿಪಬ್ಲಿಕನ್ ಸೆನೆಟರ್ ರ‍್ಯಾಂಡ್ ಪಾಲ್ ಇದು ಸಮಾಜವಾದದ ಕಡೆಗಿನ ಹೆಜ್ಜೆ ಅಲ್ವಾ ಎಂದು ಕೇಳಿದರು. ನನ್ನ ನೆರೆಯವರೂ ಹಾಗೇ ಅಂದುಕೊಳ್ಳುತ್ತಾರೆ, ಆದರೆ ಮ್ಯಾಗ್ನೆಟ್ ಕಾರ್ಖಾನೆ ಬರಲಿ ಅಂತಲೂ ಆಸೆ. ಸಾಲದ ವಿಷಯದಲ್ಲೂ ಇದೇ ಇಕ್ಕಟ್ಟು. 2024ರ ಹಣಕಾಸು ವರ್ಷದಲ್ಲಿ ಬಡ್ಡಿಗೆ ಹೋದ ಹಣ ರಕ್ಷಣಾ ಖರ್ಚನ್ನೇ ಮೀರಿತು. 2025ರ ಬೇಸಿಗೆಯ ದೊಡ್ಡ ತೆರಿಗೆ ಮಸೂದೆ ಹತ್ತು ವರ್ಷದಲ್ಲಿ 3.4 ಟ್ರಿಲಿಯನ್ ಡಾಲರ್ ಕೊರತೆ ಸೇರಿಸುತ್ತದೆ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಲೆಕ್ಕ ಹಾಕಿತು. ಸಾಲ ಬೇಡ ಎನ್ನುವ ಪಕ್ಷದಲ್ಲಿ ಕೊನೆಯ ಮತದಾನದಂದು ಬೇಡ ಎಂದವರು ಹೌಸ್‌ನಲ್ಲಿ ಇಬ್ಬರೇ.

ಇದರಲ್ಲಿ ನಮ್ಮದೇನು ಅಂತ ಕೇಳಬಹುದು. ಹೊರಗಿನ ಎಣ್ಣೆ, ಹೊರಗಿನ ಮ್ಯಾಗ್ನೆಟ್, ಹೊರಗಿನ ಎಂಜಿನಿಯರ್. ಕನ್ಸರ್ವೇಟಿವ್‌ಗಳ ದೂರಿನ ಪಟ್ಟಿಯಲ್ಲಿ ಮೂರನೆಯವರು ನಾವೇ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಆದೇಶ ಬಂದ ರಾತ್ರಿ, ಬೆಂಗಳೂರಿಗೆ ಹೋಗಿದ್ದ ಎಷ್ಟು ಮಂದಿ ಟಿಕೆಟ್ ಬದಲಾಯಿಸಲು ಒದ್ದಾಡಿದರು ಅಂತ ನಮಗೆ ಗೊತ್ತು. ಇಲ್ಲೇ ಓದಿ, ಇಲ್ಲೇ ತೆರಿಗೆ ಕಟ್ಟಿ, ಇಲ್ಲೇ ಮಕ್ಕಳನ್ನು ಬೆಳೆಸುವವರನ್ನು ಆಮದು ಸರಕಿನ ಜೊತೆ ಇಡುವುದನ್ನು ನಾನು ಒಪ್ಪುವುದಿಲ್ಲ. ಮಿಚೆಲ್ ಅವರ ಅಪ್ಪನನ್ನು ಬಂದರಿನಿಂದಲೇ ವಾಪಸ್ ಕಳಿಸಿದ್ದರೆ ಬಾರ್ನೆಟ್ ಶೇಲ್‌ಗೆ ಬೇರೆಯವರೇ ಬೇಕಾಗುತ್ತಿತ್ತು. ಭಾರತದ ಮೇಲಿನ ಸುಂಕದ ಕತೆಯಲ್ಲೂ ಇಂಥದ್ದೇ ಎಡವಟ್ಟು. ರಷ್ಯಾದ ಎಣ್ಣೆ ಕೊಂಡಿದ್ದಕ್ಕೆ ಮೊದಲಿದ್ದ ಸುಂಕಕ್ಕೆ ಇನ್ನೂ 25 ಸೇರಿಸಿ 2025ರ ಆಗಸ್ಟ್ 27ರಿಂದ ನೂರಕ್ಕೆ 50 ಸುಂಕ ಹಾಕಿದರು. ಇತ್ತ ಅಮೆರಿಕದ ಅಣುಸ್ಥಾವರಗಳಿಗೆ ರಷ್ಯಾದ ಯುರೇನಿಯಂ ಬರುತ್ತಲೇ ಇತ್ತು. 2024ರ ನಿಷೇಧದ ಕಾನೂನಿನಲ್ಲೇ 2027ರ ಕೊನೆಯವರೆಗೆ ವಿನಾಯಿತಿಗೆ ಜಾಗ ಇಟ್ಟಿದ್ದಾರೆ.

ಇವನ್ನೆಲ್ಲ ಕೇಳಲು ಒಂದು ಜಾಗ ಇದೆ, ನಾವು ಅಲ್ಲಿಗೆ ಹೋಗುವುದೇ ಕಮ್ಮಿ. ಟೆಕ್ಸಾಸ್‌ನಲ್ಲಿ ರಾಜ್ಯಮಟ್ಟದ ಗೆಲುವು 1994ರ ನಂತರ ರಿಪಬ್ಲಿಕನ್ನರನ್ನು ಬಿಟ್ಟು ಯಾರಿಗೂ ಸಿಕ್ಕಿಲ್ಲ. ಹಾಗಾಗಿ ತೀರ್ಮಾನ ಬಹಳ ಸಲ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲೇ, ಆಗುತ್ತದೆ. ಇಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸುವ ಪದ್ಧತಿ ಇಲ್ಲ. ಯಾವ ಪ್ರೈಮರಿಯಲ್ಲಿ ಬೇಕಾದರೂ, ಒಂದರಲ್ಲಿ ಮಾತ್ರ, ವೋಟು ಹಾಕಬಹುದು. 2026ರ ಪ್ರೈಮರಿಗೆ ಗೊತ್ತುಮಾಡಿದ್ದ ದಿನ ಮಾರ್ಚ್ 3. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಫೆಬ್ರವರಿ 2 ಕೊನೆಯ ದಿನವಾಗಿತ್ತು. ಸಂಘ ಯಾರ ಪರವೂ ಅಲ್ಲ, ಆಗಲೂಬಾರದು. ಆದರೆ ಸಿಟಿಜನ್ ಆದವರು ಅಭ್ಯರ್ಥಿಗಳ ಸಭೆಗೆ ಹೋದಾಗ ದೀಪಾವಳಿ ಶುಭಾಶಯದ ಫೋಟೋಗೆ ನಿಲ್ಲುವುದರ ಜೊತೆಗೆ ಇದನ್ನೂ ಕೇಳಿ: ಶುದ್ಧೀಕರಣದ ಕೆಲಸ ಇಲ್ಲಿಗೆ ತರಲು ನೀವು ಯಾವ ಮಸೂದೆಗೆ ವೋಟು ಹಾಕಿದಿರಿ, ಅದರ ದುಡ್ಡು ಎಲ್ಲಿಂದ? ಉತ್ತರ ಸಿಕ್ಕರೆ ಬರೆದು ಕಳಿಸಿ, ಯುಗಾದಿ ಸಂಚಿಕೆಯಲ್ಲಿ ಹಾಕುತ್ತೇವೆ.