ಅಡಿಕೆ ಬೇಯಿಸುವ ಒಲೆಯ ಶಾಖಕ್ಕೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಇಂಧನದ ಮಾತು ಬಂದರೆ ಎಲ್ಲರ ಬೆರಳೂ ಶರಾವತಿಯ ಕಡೆ ತೋರುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಅಲ್ಲಿ ಜಲಾಶಯದ ಮಟ್ಟಕ್ಕೆ ದಿನದಿನದ ಲೆಕ್ಕವಿದೆ. ಅದೇ ಶಿವಮೊಗ್ಗ ಜಿಲ್ಲೆಯಲ್ಲಿ ಕೊಯ್ಲು ಶುರುವಾದರೆ ಊರೂರಿನ ಅಂಗಳಗಳಲ್ಲಿ ಅಡಿಕೆ ಬೇಯಿಸಲು ತಿಂಗಳುಗಟ್ಟಲೆ ಉರಿಯುವ ಸೌದೆಗೆ ಮಾತ್ರ ಲೆಕ್ಕವಿಲ್ಲ.

ಕಳೆದ ಕೊಯ್ಲಿನಲ್ಲಿ ನಮ್ಮ ಮನೆಯ ಒಲೆಯನ್ನೇ ಅಳೆದು ನೋಡಿದೆ. ಬೇಸಿಗೆಯಲ್ಲಿ ಕಡಿದು ಒಣಗಿಸಿಟ್ಟ ಸೌದೆಯನ್ನು ತಕ್ಕಡಿಯಲ್ಲಿ ತೂಗಿ, ಹಂಡೆಗೆ ನೂರು ಲೀಟರು ನೀರು ತುಂಬಿ, ಕುದಿ ಬರುವ ತನಕ ಉರಿ ಹಾಕಿದೆ. ನೂರು ಲೀಟರು ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಶಾಖ 7500 ಕಿಲೋಕ್ಯಾಲೊರಿ. ಒಣ ಸೌದೆ ಕಿಲೋಗೆ ಸುಮಾರು 3500 ಕಿಲೋಕ್ಯಾಲೊರಿ ಕೊಡುತ್ತದೆಂದು ಹಿಡಿದರೂ ಎರಡು ಕಿಲೋಗಿಂತ ತುಸು ಹೆಚ್ಚು ಸೌದೆ ಸಾಕು. ಸುಟ್ಟದ್ದು ಹದಿನೈದು ಕಿಲೋ. ಏಳು ಪಾಲಿನಲ್ಲಿ ಒಂದು ಪಾಲು ನೀರಿಗೆ ಸೇರಿತು. ಉಳಿದದ್ದು ಒಲೆಯ ಬಾಯಿಂದ, ಗೋಡೆಯಿಂದ, ಹೊಗೆಯೊಡನೆ ಹೊರಗೆ ಹೋಯಿತು. ಮಳೆಗೆ ನೆನೆದ ಸೌದೆಯಾದರೆ ಅದರೊಳಗಿನ ನೀರನ್ನು ಆರಿಸುವುದಕ್ಕೇ ಒಂದಷ್ಟು ಶಾಖ ಹೋಗುತ್ತದೆ, ಆಗ ಲೆಕ್ಕ ಇನ್ನೂ ಕೆಡುತ್ತದೆ.

ಕುದಿ ಬಂದ ಮೇಲಿನ ನಷ್ಟ ನನಗೆ ಅದಕ್ಕಿಂತ ಆಶ್ಚರ್ಯ ತಂದಿತು. ಒಂದು ಲೀಟರು ನೀರನ್ನು ಕುದಿಗೆ ತರಲು 75 ಕಿಲೋಕ್ಯಾಲೊರಿ ಸಾಕಾದರೆ, ಅದೇ ಲೀಟರು ಆವಿಯಾಗಿ ಹೋಗಲು 540 ಬೇಕು. ಕೋಲಿಗೆ ಗುರುತು ಹಾಕಿ ನೋಡಿದಾಗ ಒಂದು ಬೇಯುವಿಕೆ ಮುಗಿಯುವಷ್ಟರಲ್ಲಿ ಇಪ್ಪತ್ತು ಲೀಟರು ನೀರು ಇಳಿದಿತ್ತು. ಅಂದರೆ ಹಂಡೆಯ ನೀರನ್ನೆಲ್ಲ ಕುದಿಸಲು ಬೇಕಾದದ್ದಕ್ಕಿಂತ ಹೆಚ್ಚು ಶಾಖ ಬರೀ ಆವಿಯಾಗಿ ಹೋಯಿತು. ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ರಸ, ಗಟ್ಟಿಯಾಗಬೇಕಾದಾಗ ಮುಚ್ಚಳ ಬೇಡವೆಂಬ ಹಿರಿಯರ ಮಾತು ಸರಿಯೇ. ಆದರೆ ಮೊದಲ ಬೇಯುವಿಕೆಗಳಿಗೂ ಹಂಡೆಯನ್ನು ತೆರೆದಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಇತ್ತ ಒಲೆ ಹೀಗೆ ಬಿಸಿ ಹೊಗೆಯನ್ನು ಮಾಡಿನ ಮೇಲಕ್ಕೆ ಉಗುಳುತ್ತಿದ್ದರೆ, ಅತ್ತ ಹತ್ತು ಹೆಜ್ಜೆ ದೂರದ ಚಪ್ಪರದಲ್ಲಿ ಬೆಂದ ಅಡಿಕೆ ಟಾರ್ಪಾಲಿನಡಿ ಬಿಸಿಲಿಗಾಗಿ ಕಾದು ಬೂಷ್ಟು ಹಿಡಿಯುತ್ತಿರುತ್ತದೆ. ಮಳೆ ಬಿಡದ ಕೊಯ್ಲಿನ ದಿನಗಳಲ್ಲಿ ಈ ನೋಟವನ್ನು ಕಾಣದ ಬೆಳೆಗಾರರಿಲ್ಲ. ಹೊರಹೋಗುವ ಶಾಖವನ್ನು ಹಿಡಿದು ಮತ್ತೆ ಬಳಸುವುದು ಕಾರ್ಖಾನೆಗಳಿಗೆ ಹೊಸತಲ್ಲ. ಕಬ್ಬಿಣ ತೆಗೆಯುವ ಊದುಕುಲುಮೆಯ ಬಾಯಿಂದ ಬರುವ ಅನಿಲವನ್ನೇ ಉರಿಸಿ, ಕುಲುಮೆಗೆ ಊದುವ ಗಾಳಿಯನ್ನು ಕಾಯಿಸುತ್ತಾರೆ. 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ನಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ ಟಾರನ್ನೂ ತೆಗೆಯುತ್ತಿದ್ದರು.

ಒಲೆಯಿಂದ ಹೊರಹೋಗುವ ಶಾಖದಲ್ಲೇ ಬೆಂದ ಅಡಿಕೆಯನ್ನು ಒಣಗಿಸುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಹೊಗೆ ಅಡಿಕೆಗೆ ತಾಗಿದರೆ ವಾಸನೆ ಹಿಡಿದು ದರ ಬೀಳುತ್ತದೆ. ನೆರೆಯವರೊಬ್ಬರು ತಂದ ಡ್ರೈಯರಿನಲ್ಲಿ ಒಂದು ಇಡೀ ಬೇಯುವಿಕೆಯ ಅಡಿಕೆ ಹೀಗೆಯೇ ಹಾಳಾಯಿತು. ಶಾಖ ಮಿತಿ ಮೀರಿದರೆ ಹೊರಮೈ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಹೊಗೆಯನ್ನು ಅತಿಯಾಗಿ ತಣಿಸಿದರೆ ಕೊಳವೆಯೊಳಗೆ ಟಾರು ಕಟ್ಟುತ್ತದೆ. ಹೊಗೆ ಒಂದು ಕೊಳವೆಯಲ್ಲಿ, ಶುದ್ಧ ಗಾಳಿ ಅದರ ಸುತ್ತಿನ ಇನ್ನೊಂದರಲ್ಲಿ ಹೋಗುವಂತೆ ಮಾಡಿ, ಕರೆಂಟು ಹೋದಾಗಲೂ ಕೆಲಸ ನಿಲ್ಲದ ಹಾಗೆ ಅಳತೆ ಕಂಡುಹಿಡಿಯಬೇಕು. ಸಂಶೋಧನೆ ಬೇಕಿರುವುದು ಇಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಅಡುಗೆಮನೆಯ ಒಲೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡಿದ್ದರಿಂದ ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ಬಂತು. ಅಡಿಕೆ ಒಲೆಗೂ ಅಂಥ ಗಮನ ಸಿಗಲಿ.

ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರೊಡನೆ ಸೇರಿ, ತೀರ್ಥಹಳ್ಳಿ, ಸಾಗರ, ಹೊಸನಗರ ತಾಲ್ಲೂಕುಗಳ ಕೆಲವು ಒಲೆಗಳನ್ನು ಒಂದು ಪೂರ್ತಿ ಕೊಯ್ಲಿನ ಕಾಲ ಅಳೆಯಲಿ. ಬಂದ ಫಲಿತಾಂಶವನ್ನು ಊರಿನ ಗಾರೆ ಕೆಲಸದವರು ನೋಡಿ ಕಟ್ಟುವಂತೆ ಕನ್ನಡದಲ್ಲಿ ನಕ್ಷೆ ಸಹಿತ ಪ್ರಕಟಿಸಲಿ. ಅಡಿಕೆ ಸಹಕಾರ ಸಂಘಗಳು ಮೊದಲ ಕೆಲವು ಒಲೆಗಳ ಖರ್ಚು ಹೊರಲಿ ಎಂದು ಕೇಳುತ್ತೇನೆ. ಬರುವ ಕೊಯ್ಲಿಗೆ ನಮ್ಮ ಮನೆಯ ಒಲೆ, ಚಪ್ಪರ ಎರಡನ್ನೂ ಈ ಅಳತೆಗೆ ಬಿಟ್ಟುಕೊಡಲು ಸಿದ್ಧನಿದ್ದೇನೆ. ಬರುವ ವಿದ್ಯಾರ್ಥಿಗಳಿಗೆ ಊಟ, ವಸತಿ ನಮ್ಮಲ್ಲೇ ಆಗುತ್ತದೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ